ಅಂಕಿಗಳ ಪ್ರಾಮಾಣ್ಯ: ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನಗಳು ಮತ್ತು ಚರಿತ್ರಕಾರ

ಪಶ್ಚಿಮ ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟನು ಸಾರಿದುದೂ, ರೈಸನು ಅವುಗಳ ಪಕ್ಷವಹಿಸಿ ವಾದಿಸಿದುದೂ ಕನ್ನಡ ನಾಡಿನ ಇತಿಹಾಸವನ್ನು ಅಭ್ಯಾಸಮಾಡುವವರಿಗೆಲ್ಲ ತಿಳಿದ ವಿಷಯ. ಲಿಪಿಯ ಕಾಲ, ತಿಥಿವಾರಗಳ ಹೊಂದಾಣಿಕೆ, ವಂಶಾವಳಿಯ ಕ್ರಮ, ಭಾಷೆಯ ರೂಪ ಇವೆಲ್ಲವನ್ನೂ ಒರೆಹಚ್ಚಿ ನೋಡಿದ ಹೊರತು ಒಂದು ಶಾಸನವನ್ನು ಆಧಾರವೆಂದು ಸ್ವೀಕರಿಸಕೂಡದೆಂಬ ಶಿಕ್ಷಣ ಆ ವಾದದಿಂದ ನಮಗೆ ದೊರೆಯಿತು. ಆದರೆ ಅದೇ ರೈಸನು ಸಂಪಾದಿಸಿದ ಮೈಸೂರು ಗ್ಯಾಸೆಟಿಯರಿನಿಂದ ಜನಸಂಖ್ಯೆಯ ಕೋಷ್ಟಕವೊಂದನ್ನು ಎತ್ತಿಕೊಳ್ಳುವಾಗ ನಮ್ಮಲ್ಲಿ ಎಷ್ಟು ಮಂದಿ ಇಂಥ ಪ್ರಶ್ನೆಗಳನ್ನು ಕೇಳುತ್ತೇವೆ? ತಾಮ್ರಪಟದ ಮೇಲಿನ ದಾನದ ವಿವರವನ್ನು ಸಂಶಯದಿಂದ ನೋಡುವ ವಿದ್ವಾಂಸರೇ ಅಚ್ಚಾದ ಅಂಕಿಯನ್ನು ಕಂಡೊಡನೆ ತಲೆಬಾಗುವುದುಂಟು. ಅಂಕಿಯನ್ನೂ ಯಾರೋ ಒಬ್ಬರು, ಯಾವುದೋ ಊರಿನಲ್ಲಿ, ಯಾವುದೋ ಒಂದು ದಿನ ಕೈಯಾರೆ ಬರೆದರೆಂಬುದು ಆಗ ಮರೆತುಹೋಗುತ್ತದೆ.

ಅಂಕಿಗಳ ಪ್ರಾಮಾಣ್ಯವನ್ನು ಕುರಿತ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿದವರು ಚರಿತ್ರಕಾರರಲ್ಲ. ಅಂಕಿಗಳನ್ನು ಕಲೆಹಾಕುವುದನ್ನೇ ವೃತ್ತಿಯಾಗಿ ಉಳ್ಳವರು. ೧೮೫೩ರಿಂದೀಚೆಗೆ ಅವರು ದೇಶದೇಶಗಳಿಂದ ಬಂದು ಒಂದೆಡೆ ಸೇರಿ, ತಮ್ಮ ಲೆಕ್ಕಗಳು ಎಷ್ಟರಮಟ್ಟಿಗೆ ನಂಬತಕ್ಕವು ಎಂಬುದನ್ನು ಚರ್ಚಿಸುತ್ತ ಬಂದಿದ್ದಾರೆ. ಈ ಸಮ್ಮೇಳನಗಳ ಸಂಪೂರ್ಣ ಚರಿತ್ರೆಯನ್ನು ಬರೆಯುವುದು ಇಲ್ಲಿನ ಉದ್ದೇಶವಲ್ಲ. ಅವು ಬಹುಕಾಲ ಪ್ರಶ್ನೆಗಳ ಏಕರೂಪತೆಗೇ ಗಮನಕೊಟ್ಟು, ಉತ್ತರವನ್ನು ಬರೆದುಕೊಳ್ಳುವ ಕೈಯನ್ನು ಬಹುಮಟ್ಟಿಗೆ ಮರೆತಿದ್ದುವೆಂಬುದನ್ನು ತೋರಿಸಿ, ಅದರಿಂದ ಮೈಸೂರಿನ ೧೮೭೬-೭೮ರ ಕ್ಷಾಮದ ಲೆಕ್ಕಕ್ಕೆ ಯಾವ ಬೆಳಕು ಬೀಳುತ್ತದೆಂಬುದನ್ನು ವಿಚಾರಮಾಡುವುದಷ್ಟೇ ಪ್ರಕೃತ ಪ್ರಬಂಧದ ಉದ್ದೇಶ.

ಮೊದಲನೆಯ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವು ೧೮೫೩ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ ನೆರೆಯಿತು. ಅದರ ಪ್ರೇರಕನೂ ಅಧ್ಯಕ್ಷನೂ ಆಗಿದ್ದವನು ಅಡಾಲ್ಫ್ ಕೆಟ್ಲೆ. ಎರಡು ವರ್ಷ ಮೊದಲು ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದಿದ್ದ ವಿದ್ವಾಂಸರ ನಡುವೆ ಈ ಆಲೋಚನೆ ಮೊಳೆಯಿತು. ಕೆಟ್ಲೆಯು ಮೂಲತಃ ಖಗೋಳವಿಜ್ಞಾನಿ. ಬ್ರಸೆಲ್ಸಿನ ವೇಧಶಾಲೆಯನ್ನು ಕಟ್ಟಿದವನು. ಒಂದೇ ನಕ್ಷತ್ರವನ್ನು ನೋಡಿದ ಇಬ್ಬರು ವೀಕ್ಷಕರ ಲೆಕ್ಕ ಪೂರ್ತಿ ಒಂದಾಗುವುದಿಲ್ಲವೆಂಬುದು ಖಗೋಳಜ್ಞರಿಗೆ ಹೊಸ ಮಾತಲ್ಲ. ಮನುಷ್ಯರನ್ನು ಎಣಿಸುವುದಕ್ಕೂ ಅಂಥದೇ ಶಿಸ್ತು ಬೇಕೆಂದು ಅವನು ತಿಳಿದಿದ್ದನು. ೧೮೪೬ರ ಅಕ್ಟೋಬರ್ ೧೫ರಂದು ಬೆಲ್ಜಿಯಮ್ಮಿನಲ್ಲಿ ಅವನ ಮಾರ್ಗದರ್ಶನದಲ್ಲಿ ನಡೆದ ಗಣತಿಯು, ದೇಶದ ಎಲ್ಲರನ್ನೂ ಒಂದೇ ದಿನಕ್ಕೆ ಅನ್ವಯಿಸುವಂತೆ, ಹೆಸರು ಹಿಡಿದು ಎಣಿಸಿದುದರಿಂದ ಇತರ ದೇಶಗಳಿಗೆ ಮೇಲ್ಪಂಕ್ತಿಯಾಯಿತು.

ಆ ಕಾಲದಲ್ಲಿ ಒಂದು ರಾಜ್ಯದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದೇ ಕಷ್ಟವಾಗಿತ್ತು. ಒಂದೆಡೆ ಗಣತಿಯ ರಾತ್ರಿ ಆ ಸ್ಥಳದಲ್ಲಿ ಇದ್ದವರನ್ನು ಎಣಿಸಿದರೆ, ಇನ್ನೊಂದೆಡೆ ಅಲ್ಲಿನ ಕಾಯಂ ನಿವಾಸಿಗಳನ್ನು ಎಣಿಸುತ್ತಿದ್ದರು. ಮನೆ, ಕುಟುಂಬ, ಉದ್ಯೋಗ ಎಂಬ ಮಾತುಗಳಿಗೂ ನಿಶ್ಚಿತವಾದ ಅರ್ಥವಿರಲಿಲ್ಲ. ಆದುದರಿಂದ ಮಾತುಗಳ ಅರ್ಥವನ್ನು ಒಂದುಗೂಡಿಸಿದರೆ ಅಂಕಿಗಳು ತಾವಾಗಿಯೇ ಸರಿಹೋಗುವುವೆಂದು ಬ್ರಸೆಲ್ಸಿನಲ್ಲಿ ಸೇರಿದವರು ಭಾವಿಸಿದುದು ಸಹಜವೇ. ಈ ಭಾವನೆಯ ಶಕ್ತಿ, ಮಿತಿ ಎರಡೂ ಮರಣಕಾರಣಗಳ ಪಟ್ಟಿಯ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಎಲ್ಲ ದೇಶಗಳಿಗೂ ಒಪ್ಪುವ ಪಟ್ಟಿಯೊಂದನ್ನು ಸಿದ್ಧಪಡಿಸುವಂತೆ ಲಂಡನ್ನಿನ ವಿಲಿಯಂ ಫಾರ್ ಮತ್ತು ಜಿನೀವಾದ ವೈದ್ಯ ಮಾರ್ಕ್ ದೆಸ್ಪೀನ್ ಇವರನ್ನು ಸಮ್ಮೇಳನವು ಕೇಳಿಕೊಂಡಿತು. ೧೮೫೫ರಲ್ಲಿ ಪ್ಯಾರಿಸಿನ ಎರಡನೆಯ ಸಮ್ಮೇಳನಕ್ಕೆ ಇಬ್ಬರೂ ಬಂದರು, ಆದರೆ ಎರಡು ಬೇರೆ ಬೇರೆ ಪಟ್ಟಿಗಳೊಡನೆ! ಫಾರನು ಸ್ಥಾನಿಕ ರೋಗಗಳನ್ನು ದೇಹದ ಅಂಗಗಳಿಗನುಸಾರವಾಗಿ ಜೋಡಿಸಿದ್ದನು. ದೆಸ್ಪೀನನು ರೋಗದ ಸ್ವಭಾವವನ್ನು ಹಿಡಿದು ವಿಂಗಡಿಸಿದ್ದನು. ಸಮ್ಮೇಳನವು ಇಬ್ಬರನ್ನೂ ನೋಯಿಸದೆ ೧೩೯ ಶೀರ್ಷಿಕೆಗಳ ರಾಜಿಪಟ್ಟಿಯೊಂದನ್ನು ಒಪ್ಪಿಕೊಂಡಿತು. ರಾಜಿಪಟ್ಟಿಗೆ ಸರ್ವಮಾನ್ಯತೆ ದೊರೆಯಲೇ ಇಲ್ಲ. ಫಾರನ ತತ್ತ್ವವು ಮಾತ್ರ ಉಳಿದು, ೧೮೯೩ರಲ್ಲಿ ಶಿಕಾಗೋವಿನಲ್ಲಿ ಜಾಕ್ ಬರ್ತಿಯೋನನು ಮಂಡಿಸಿದ ಪಟ್ಟಿಯ ಮೂಲಕ, ೨೦೨೨ರ ಜನವರಿಯಲ್ಲಿ ಹನ್ನೊಂದನೆಯ ಪರಿಷ್ಕರಣವು ಜಾರಿಗೆ ಬಂದ ಅಂತಾರಾಷ್ಟ್ರೀಯ ರೋಗ ವರ್ಗೀಕರಣದವರೆಗೆ ಹರಿದುಬಂದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹಳ್ಳಿಗಳಲ್ಲಿ ಸಾವನ್ನು ವರದಿಮಾಡುತ್ತಿದ್ದವರು ವೈದ್ಯರಲ್ಲ, ಗ್ರಾಮದ ಚಾಕರರು. ಅವರ ಲೆಕ್ಕದಲ್ಲಿ ಸಾವುಗಳ ಬಹುಭಾಗವು ‘ಜ್ವರ’ ಎಂಬ ಒಂದೇ ತಲೆಬರಹದ ಕೆಳಗೆ ಬೀಳುತ್ತಿತ್ತು. ೧೩೯ ಶೀರ್ಷಿಕೆಗಳಿದ್ದರೇನು, ಬರೆಯುವವನಿಗೆ ತಿಳಿದುದು ಒಂದೇ ಆದರೆ?

ಬರೆಯುವ ಕೈಯ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. ಅಮೆರಿಕದಲ್ಲಿ ಅದು ಬಹು ಕಹಿಯಾದ ರೀತಿಯಲ್ಲಿ ಮುಂದೆ ಬಂದಿತ್ತು. ಈ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ.

೧೮೪೦ರ ಅಮೆರಿಕದ ಗಣತಿಯಲ್ಲಿ ಬುದ್ಧಿವಿಕಲರನ್ನು ಬಿಳಿಯರು ಮತ್ತು ಕಪ್ಪುಜನರು ಎಂದು ಬೇರೆ ಬೇರೆ ಅಂಕಣಗಳಲ್ಲಿ ದಾಖಲಿಸಿದ್ದರು. ಗುಲಾಮಗಿರಿ ಇಲ್ಲದ ಉತ್ತರದ ಸಂಸ್ಥಾನಗಳಲ್ಲಿ ಕಪ್ಪುಜನರೊಳಗೆ ಬುದ್ಧಿವಿಕಲರ ಪ್ರಮಾಣವು ಗುಲಾಮಗಿರಿಯಿದ್ದ ದಕ್ಷಿಣಕ್ಕಿಂತ ಅನೇಕ ಪಟ್ಟು ಹೆಚ್ಚೆಂದು ಅಚ್ಚಾದ ಕೋಷ್ಟಕವು ತೋರಿಸಿತು. ಸ್ವಾತಂತ್ರ್ಯವು ಕಪ್ಪುಜನರಿಗೆ ಹಿತವಲ್ಲವೆಂಬುದಕ್ಕೆ ಇದೇ ಸಾಕ್ಷ್ಯವೆಂದು ಗುಲಾಮಗಿರಿಯ ಪಕ್ಷದವರು ಎತ್ತಿ ಆಡಿದರು. ೧೮೪೪ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ಯಾಲ್ಹೂನನು ಬ್ರಿಟಿಷ್ ರಾಯಭಾರಿಗೆ ಬರೆದ ಪತ್ರದಲ್ಲಿ ಈ ಅಂಕಿಗಳನ್ನೇ ಆಧಾರವಾಗಿ ಹಿಡಿದನು. ಮಸಾಚುಸೆಟ್ಸಿನ ವೈದ್ಯ ಎಡ್ವರ್ಡ್ ಜಾರ್ವಿಸನು ಮೊದಲು ಆ ಅಂಕಿಗಳನ್ನು ನಂಬಿ ಲೇಖನವನ್ನೇ ಬರೆದಿದ್ದನು. ಅನಂತರ ಊರೂರಿನ ಲೆಕ್ಕವನ್ನು ಬಿಡಿಸಿ ನೋಡಿದಾಗ ಸತ್ಯ ಹೊರಬಿದ್ದಿತು. ಮೇಯ್ನ್ ಸಂಸ್ಥಾನದ ಸ್ಕಾರ್ಬರೋ ಊರಿನಲ್ಲಿ ಕಪ್ಪುಜನರು ಒಬ್ಬರೂ ಇಲ್ಲವೆಂದು ಒಂದು ಅಂಕಣ ಹೇಳುತ್ತಿತ್ತು. ಅಲ್ಲಿ ೬ ಮಂದಿ ಬುದ್ಧಿವಿಕಲ ಕಪ್ಪುಜನರಿರುವರೆಂದು ಇನ್ನೊಂದು ಅಂಕಣ ಹೇಳುತ್ತಿತ್ತು. ವೂಸ್ಟರ್ ಪಟ್ಟಣದ ೧೫೧ ಕಪ್ಪುಜನರಲ್ಲಿ ೧೩೩ ಮಂದಿ ಬುದ್ಧಿವಿಕಲರೆಂದಿತ್ತು. ಈ ೧೩೩ ಮಂದಿ ಆ ಊರಿನ ಸರಕಾರೀ ಚಿಕಿತ್ಸಾಲಯದಲ್ಲಿದ್ದ ಬಿಳಿಯ ರೋಗಿಗಳು. ಅಂಕಿ ಪಕ್ಕದ ಅಂಕಣಕ್ಕೆ ಜಾರಿತ್ತು, ಅಷ್ಟೆ. ಬಾಸ್ಟನ್ನಿನಲ್ಲಿ ೧೮೩೯ರಲ್ಲಿ ಸ್ಥಾಪಿತವಾಗಿದ್ದ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು ೧೮೪೪ರಲ್ಲಿ ಶಾಸನಸಭೆಗೆ ಮನವಿಯನ್ನು ಸಲ್ಲಿಸಿ ಗಣತಿಯನ್ನು ತಿದ್ದಬೇಕೆಂದು ಕೇಳಿತು. ಕ್ಯಾಲ್ಹೂನನು ಆ ಗಣತಿಯ ಮೇಲ್ವಿಚಾರಕನಾಗಿದ್ದವನನ್ನೇ ತನಿಖೆಗೆ ನೇಮಿಸಿದನು. ಅವನಿಗೆ ಹೇಳಿಕೊಳ್ಳುವಂಥ ತಪ್ಪೇನೂ ಕಾಣಲಿಲ್ಲ. ಕೋಷ್ಟಕವನ್ನು ತಿದ್ದಲಿಲ್ಲ.

ವೃತ್ತಿನಿರತರ ಸಂಘವೊಂದು ಸರಕಾರದ ಅಂಕಿಯ ಗುಣವನ್ನು ಬಹಿರಂಗವಾಗಿ ಪ್ರಶ್ನಿಸಿದ ಆರಂಭಕಾಲದ ಉದಾಹರಣೆಗಳಲ್ಲಿ ಇದು ಮುಖ್ಯವಾದುದೆಂದು ನನ್ನ ಅಭಿಪ್ರಾಯ. ಇಲ್ಲಿ ಪ್ರಶ್ನಾಪತ್ರದಲ್ಲಿ ಅಸ್ಪಷ್ಟತೆ ಇದ್ದಿತೆಂದು ಮಾತ್ರ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ತಪ್ಪನ್ನು ತಪ್ಪೆಂದು ಒಪ್ಪದಿರುವುದರಿಂದ ಲಾಭ ಪಡೆಯುವವರು ಅಧಿಕಾರದಲ್ಲಿದ್ದರೆಂಬುದೇ ಮುಖ್ಯ ಸಂಗತಿ.

ಇದೇ ಜಾರ್ವಿಸನು ೧೮೬೦ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆದ ನಾಲ್ಕನೆಯ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಬಂದಿದ್ದನು. ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟನು ಅದನ್ನು ಉದ್ಘಾಟಿಸಿದನು. ಸಭೆಯಲ್ಲಿ ಮಾರ್ಟಿನ್ ಡೆಲೇನಿ ಎಂಬ ಅಮೆರಿಕದ ಕಪ್ಪುವರ್ಣದ ವೈದ್ಯನೂ ಇದ್ದನು. ಲಾರ್ಡ್ ಬ್ರೂಮನು ಎದ್ದು ಅಮೆರಿಕದ ರಾಯಭಾರಿಯ ಗಮನವನ್ನು ಅವನ ಕಡೆಗೆ ಸೆಳೆದನು. ಡೆಲೇನಿಯು ಎದ್ದುನಿಂತು ವಂದಿಸಿ ತಾನೂ ಒಬ್ಬ ಮನುಷ್ಯನೆಂದು ಹೇಳಿದನು. ಸಭೆ ಕರತಾಡನ ಮಾಡಿತು. ದಕ್ಷಿಣದ ಸಂಸ್ಥಾನದಿಂದ ಬಂದಿದ್ದ ಪ್ರತಿನಿಧಿ ಲಾಂಗ್‌ಸ್ಟ್ರೀಟನು ಕೋಪಗೊಂಡು ಸಮ್ಮೇಳನವನ್ನೇ ತ್ಯಜಿಸಿದನು. ಅಮೆರಿಕದ ಸಂವಿಧಾನದ ಪ್ರಕಾರ ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರು ಮೂವರಿಗೆ ಸಮಾನರಾಗಿದ್ದ ಕಾಲ ಅದು. ಎಣಿಕೆ ಎಂಬುದು ಕೇವಲ ಎಣಿಕೆಯಲ್ಲವೆಂಬುದನ್ನು ನೆರೆದ ವಿದ್ವಾಂಸರು ಅಂದು ಕಣ್ಣಾರೆ ಕಂಡರು. ಆದರೂ ಸಮ್ಮೇಳನದ ನಿರ್ಣಯಗಳು ಎಂದಿನಂತೆ ಪಟ್ಟಿಗಳಿಗೂ ನಮೂನೆಗಳಿಗೂ ಸಂಬಂಧಿಸಿದುವು. ಅವುಗಳಲ್ಲಿ ಆಸ್ಪತ್ರೆಗಳ ಲೆಕ್ಕವನ್ನು ಏಕರೂಪವಾಗಿಡಬೇಕೆಂಬ ಫ್ಲಾರೆನ್ಸ್ ನೈಟಿಂಗೇಲಳ ಸಲಹೆಯನ್ನು ಮಾತ್ರ ವಿಶೇಷವಾಗಿ ನೆನೆಯಬೇಕು. ಆಕೆ ಸ್ವತಃ ಸಭೆಗೆ ಬಾರದೆ ತನ್ನ ಯೋಜನೆಯನ್ನು ಓದಿಸಿದಳು.

ಬರ್ಲಿನ್, ಫ್ಲಾರೆನ್ಸ್, ಹೇಗ್ ನಗರಗಳ ಸಮ್ಮೇಳನಗಳನ್ನು ಇಲ್ಲಿ ದಾಟಿ ಹೋಗಬಹುದು. ೧೮೭೨ರ ಸೇಂಟ್ ಪೀಟರ್ಸ್‌ಬರ್ಗ್ ಸಮ್ಮೇಳನವು ಜನಗಣತಿಯ ವಿಷಯವಾಗಿ ಮಾಡಿದ ನಿರ್ಣಯವು ಮುಖ್ಯವಾದುದು: ಹತ್ತು ವರ್ಷಗಳಿಗೊಮ್ಮೆ, ಸಾಧ್ಯವಾದರೆ ಸೊನ್ನೆಯಲ್ಲಿ ಕೊನೆಗೊಳ್ಳುವ ವರ್ಷದಲ್ಲಿ, ಒಂದೇ ದಿನಕ್ಕೆ ಅನ್ವಯಿಸುವಂತೆ, ಪ್ರತಿಯೊಬ್ಬನ ಹೆಸರು, ಲಿಂಗ, ವಯಸ್ಸು, ವಿವಾಹಸ್ಥಿತಿ, ಉದ್ಯೋಗ, ಧರ್ಮ, ಭಾಷೆ, ಅಕ್ಷರಜ್ಞಾನ ಮೊದಲಾದುವನ್ನು ಬರೆದುಕೊಳ್ಳಬೇಕು. ಆದರೆ ಸಮ್ಮೇಳನಕ್ಕೆ ಬಂದವರಲ್ಲಿ ಸರಕಾರಗಳ ಪ್ರತಿನಿಧಿಗಳೂ ಇದ್ದುದರಿಂದ ಅದರ ನಿರ್ಣಯಗಳು ಸರಕಾರಗಳನ್ನು ಕಟ್ಟಿಹಾಕುವುವೋ ಎಂಬ ಶಂಕೆ ಬೆಳೆಯಿತು. ಅದರ ಕಾಯಂ ಸಮಿತಿಯಲ್ಲಿ ಜರ್ಮನಿಯ ಅಧಿಕಾರಿಗಳು ಭಾಗವಹಿಸದಂತೆ ಬಿಸ್ಮಾರ್ಕನು ತಡೆದನು. ೧೮೭೬ರ ಬುಡಾಪೆಸ್ಟ್ ಸಮ್ಮೇಳನವೇ ಕಡೆಯದಾಯಿತು. ೧೮೮೫ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಈ ಪಾಠವನ್ನು ಕಲಿತುಕೊಂಡು, ಸರಕಾರಗಳ ಪ್ರತಿನಿಧಿಗಳನ್ನಲ್ಲದೆ ವಿದ್ವಾಂಸರನ್ನು ವೈಯಕ್ತಿಕವಾಗಿಯೇ ಸದಸ್ಯರನ್ನಾಗಿ ಆರಿಸಿತು.

ಈ ನಿರ್ಣಯಗಳ ಕಾಲದಲ್ಲಿ ಭಾರತದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಈಗ ನೋಡೋಣ. ೧೮೭೧-೭೨ರ ಗಣತಿಯೆಂದು ನಾವು ಕರೆಯುವುದು ವಾಸ್ತವವಾಗಿ ೧೮೬೭ರಿಂದ ೧೮೭೨ರವರೆಗೆ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ದಿನಗಳಲ್ಲಿ ನಡೆದ ಎಣಿಕೆಗಳ ಸಂಕಲನ. ಮೈಸೂರಿನ ಗಣತಿ ೧೮೭೧ರಲ್ಲಿ ಆಯಿತು. ದೇಶದಾದ್ಯಂತ ಏಕಕಾಲದಲ್ಲಿ ನಡೆದ ಮೊದಲ ಗಣತಿ ೧೮೮೧ರ ಫೆಬ್ರವರಿ ೧೭ರದು. ಮೈಸೂರಿನ ಜನರು ಗಣತಿಯನ್ನು ‘ಖಾನೇಷುಮಾರಿ’, ಎಂದರೆ ಮನೆಯೆಣಿಕೆ, ಎಂದೇ ಕರೆಯುತ್ತಿದ್ದುದು ಅರ್ಥಪೂರ್ಣವಾಗಿದೆ. ಶಾನುಭೋಗರ ಕೈಯಲ್ಲಿ ಲೆಕ್ಕವೆಂದರೆ ಬಹುಕಾಲದಿಂದ ಕಂದಾಯದ ಲೆಕ್ಕ. ಆ ಕೈಗೆ ವ್ಯಕ್ತಿವ್ಯಕ್ತಿಯ ಲೆಕ್ಕವನ್ನು ಒಪ್ಪಿಸಿದಾಗ, ಮನೆಯ ಯಜಮಾನನಿಗೆ ಹೊಸ ತೆರಿಗೆಯ ಶಂಕೆ ಬಂದಿದ್ದರೆ ಆಶ್ಚರ್ಯವಿಲ್ಲ.

ವಯಸ್ಸಿನ ಅಂಕಣವನ್ನು ನೋಡಿದರೆ ಈ ಕಷ್ಟ ತಿಳಿಯುತ್ತದೆ. ಭಾರತದ ಗಣತಿಗಳಲ್ಲೆಲ್ಲ ಸೊನ್ನೆ ಮತ್ತು ಐದರಲ್ಲಿ ಕೊನೆಗೊಳ್ಳುವ ವಯಸ್ಸುಗಳಲ್ಲಿ ಜನ ರಾಶಿಬಿದ್ದಿದ್ದಾರೆ; ೩೯, ೪೧ರ ವಯಸ್ಸಿನವರು ವಿರಳ. ಹಳ್ಳಿಯವರಿಗೆ ವಯಸ್ಸು ತಿಳಿಯದೆಂದು ಅಧಿಕಾರಿಗಳು ದೂರುವುದು ವಾಡಿಕೆ. ಇದು ಅರ್ಧಸತ್ಯವೆಂದೇ ಹೇಳಬೇಕು. ಧಾತು ಸಂವತ್ಸರದ ಬರದಲ್ಲಿ ತಾನು ಎದೆಹಾಲು ಕುಡಿಯುವ ಕೂಸಾಗಿದ್ದೆನೆಂದು ಹೇಳುವ ಒಕ್ಕಲಿಗನು ತನ್ನ ಜನ್ಮಕಾಲವನ್ನು ಒಂದೆರಡು ವರ್ಷಗಳ ಅಂತರದಲ್ಲಿ ನಿಶ್ಚಯಿಸಿಕೊಟ್ಟಂತೆಯೇ ಆಯಿತು. ಏಕೆಂದರೆ ಧಾತು ಎಂದರೆ ೧೮೭೬-೭೭. ಆ ಮಾತನ್ನು ಅಂಕಿಯಾಗಿ ಪರಿವರ್ತಿಸುವ ಶ್ರಮವನ್ನು ತೆಗೆದುಕೊಳ್ಳದೆ ‘೩೫’ ಎಂದು ಬರೆದುಕೊಂಡವನದು ತಪ್ಪು.

ಭಾರತದ ಅಂಕಿಗಳನ್ನು ಕುರಿತು ಇಂಗ್ಲೆಂಡಿನಲ್ಲಿ ಹಾಸ್ಯದ ಕಥೆಯೊಂದು ಪ್ರಚಾರದಲ್ಲಿತ್ತು. ಸರಕಾರವು ಅಂಕಿಗಳನ್ನು ಎಷ್ಟು ಕೂಡಿದರೂ ಗುಣಿಸಿದರೂ, ಅವುಗಳ ಮೂಲವು ತೋಚಿದ್ದನ್ನು ಗೀಚುವ ಹಳ್ಳಿಯ ಚೌಕೀದಾರನೇ ಎಂಬುದು ಅದರ ತಿರುಳು. ಜೋಸಯ್ಯ ಸ್ಟಾಂಪನು ೧೯೨೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ. ಕಥೆಯಲ್ಲಿ ಸತ್ಯಾಂಶವಿದೆ. ಆದರೆ ನಗುವಿನ ಭಾರವೆಲ್ಲ ಚೌಕೀದಾರನ ಮೇಲೆ ಬೀಳುವುದು ನ್ಯಾಯವಲ್ಲ. ಅಕ್ಷರ ಕಲಿಸದೆ, ತಕ್ಕ ಸಂಬಳ ಕೊಡದೆ, ಆ ಅಂಕಿ ಏತಕ್ಕೆಂದು ತಿಳಿಸದೆ ತಳವಾರನಿಂದಲೂ ತೋಟಿಯಿಂದಲೂ ಲೆಕ್ಕ ಕೇಳಿದವರು ಯಾರು? ಅವನ ಅಂಕಿಯನ್ನು ಪರೀಕ್ಷಿಸುವ ಉಪಾಯವನ್ನು ಯಾವ ಸಮ್ಮೇಳನ ಹೇಳಿಕೊಟ್ಟಿತ್ತು?

ಉಪಾಯವು ಬೇರೊಂದು ದಿಕ್ಕಿನಿಂದ ಬಂದಿತು. ೧೮೯೫ರಲ್ಲಿ ಬರ್ನ್ ನಗರದ ಅಧಿವೇಶನದಲ್ಲಿ ನಾರ್ವೆಯ ಆಂಡರ್ಸ್ ಕಿಯರನು, ಎಲ್ಲರನ್ನೂ ಎಣಿಸುವುದಕ್ಕೆ ಬದಲಾಗಿ ಒಂದು ಭಾಗವನ್ನು ಚೆನ್ನಾಗಿ ಆರಿಸಿ ಪರೀಕ್ಷಿಸಿದರೂ ಸಾಕೆಂದು ವಾದಿಸಿದಾಗ, ಗೆಯಾರ್ಗ್ ಫಾನ್ ಮೇಯರ್ ಮುಂತಾದ ಹಿರಿಯರು ಅದನ್ನು ಬಲವಾಗಿ ವಿರೋಧಿಸಿದರು. ೧೯೨೫ರ ರೋಮ್ ಅಧಿವೇಶನದಲ್ಲಿ, ೩೦ ವರ್ಷಗಳ ತರುವಾಯ, ಈ ಮಾದರಿ ವಿಧಾನಕ್ಕೆ ಮನ್ನಣೆ ದೊರೆಯಿತು. ಮಾದರಿಯಿಂದ ಬಂದ ಅಂಕಿಯಲ್ಲಿ ತಪ್ಪು ಎಷ್ಟಿರಬಹುದೆಂದು ಹೇಳದೆ ವಿಧಿಯಿಲ್ಲ. ಪೂರ್ಣ ಗಣತಿಯ ಅಧಿಕಾರಿ ತಪ್ಪಿಲ್ಲವೆಂದು ಹೇಳಿ ಸುಮ್ಮನಿರಬಹುದು, ಮಾದರಿಯವನು ಹಾಗಿರಲಾರ. ತಪ್ಪಿನ ಪ್ರಮಾಣವನ್ನು ಅಂಕಿಯ ಜೊತೆಗೇ ಕೊಡುವ ಶಿಷ್ಟಾಚಾರ ಈ ಮಾರ್ಗದಿಂದಲೇ ಬೆಳೆಯಿತು.

ಬರೆಯುವ ಕೈಯನ್ನೇ ಅಳೆಯುವ ಕೆಲಸದಲ್ಲಿ ಭಾರತದ ಪಾತ್ರ ದೊಡ್ಡದು. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ೧೯೩೭ರಿಂದ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ವಿಧಾನದಿಂದ ಅಳೆಯಲು ತೊಡಗಿದರು. ಒಂದೇ ಪ್ರದೇಶದಲ್ಲಿ ಪರಸ್ಪರ ಹೆಣೆದುಕೊಂಡ ಎರಡು ಮಾದರಿಗಳನ್ನು ಆರಿಸಿ, ಒಂದನ್ನು ಒಂದು ತಂಡಕ್ಕೂ ಇನ್ನೊಂದನ್ನು ಮತ್ತೊಂದು ತಂಡಕ್ಕೂ ಒಪ್ಪಿಸುವುದು ಅವರ ಕ್ರಮ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು. ಎರಡು ಫಲಿತಾಂಶಗಳು ಮಿತಿಮೀರಿ ಬೇರೆಯಾದರೆ, ದೋಷವು ಹೊಲದಲ್ಲಿಲ್ಲ, ಅಳೆದವರಲ್ಲಿದೆ ಎಂದು ಗೊತ್ತಾಗುತ್ತದೆ. ಚೌಕೀದಾರನ ಕಥೆಗೆ ಇದೇ ತಕ್ಕ ಉತ್ತರ: ನಗುವುದಕ್ಕೆ ಬದಲು ಅಳೆದು ನೋಡಿದರು. ೧೯೪೬ರಲ್ಲಿ ಮಹಾಲನೋಬಿಸ್ ಅವರು ಈ ಪ್ರಯೋಗಗಳನ್ನು ಲಂಡನ್ನಿನ ರಾಯಲ್ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ವಿವರಿಸಿದರು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಸಮೀಕ್ಷೆಗಳ ಪ್ರಯೋಜನವನ್ನು ಕುಗ್ಗಿಸುವ ೧೩ ಕಾರಣಗಳನ್ನು ಪಟ್ಟಿಮಾಡಿ, ಮಾದರಿಯ ದೋಷ ಅವುಗಳಲ್ಲಿ ಒಂದು ಮಾತ್ರವೆಂದು ತೋರಿಸಿದ್ದರು. ೧೯೫೧ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ದೆಹಲಿ, ಕಲ್ಕತ್ತೆಗಳಲ್ಲಿ ಅಧಿವೇಶನ ನಡೆಸಿತು. ಅದೇ ವರ್ಷದ ಭಾರತದ ಗಣತಿಯಲ್ಲಿ, ಎಣಿಕೆ ಮುಗಿದ ಮೇಲೆ ಆರಿಸಿದ ಸ್ಥಳಗಳಲ್ಲಿ ಮತ್ತೆ ಪರಿಶೀಲಿಸುವ ಪದ್ಧತಿಯೂ ಮೊದಲಾಗಿ, ಸಾವಿರಕ್ಕೆ ಸುಮಾರು ೧೧ ಮಂದಿ ಬಿಟ್ಟುಹೋಗಿದ್ದರೆಂದು ತಿಳಿದುಬಂದಿತು. ೧೯೭೧ರಲ್ಲಿ ಇದು ೧೭ ಆಗಿ, ೨೦೦೧ ಮತ್ತು ೨೦೧೧ರಲ್ಲಿ ೨೩ಕ್ಕೆ ಏರಿತು. ಗಣತಿ ಕೆಡುತ್ತ ಬಂದಿತೆಂದು ಇದರಿಂದ ತಟಕ್ಕನೆ ತೀರ್ಮಾನಿಸುವುದು ಅವಸರವಾದೀತು, ಪರಿಶೀಲನೆಯೇ ಬಿಗಿಯಾಗಿರಲೂಬಹುದು.

ಗಣಕಯಂತ್ರಗಳ ಯುಗದಲ್ಲಿ ಈ ಚರ್ಚೆಯು ವಾಣಿಜ್ಯ ಸಂಸ್ಥೆಗಳಿಗೂ ಹಬ್ಬಿತು. ೧೯೯೬ರಲ್ಲಿ ಮಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಮಾಹಿತಿಯ ಗುಣಮಟ್ಟವನ್ನೇ ವಿಷಯವಾಗಿ ಉಳ್ಳ ಅಂತಾರಾಷ್ಟ್ರೀಯ ಸಮ್ಮೇಳನ ಆರಂಭವಾಯಿತು. ಅದೇ ವರ್ಷ ರಿಚರ್ಡ್ ವಾಂಗ್ ಮತ್ತು ಡಯೇನ್ ಸ್ಟ್ರಾಂಗ್ ಅವರು, ನಿಖರತೆಯೊಂದೇ ಗುಣವಲ್ಲ, ಬಳಸುವವನಿಗೆ ಅದು ಒದಗಬೇಕು, ಅರ್ಥವಾಗಬೇಕು, ಅವನ ಕೆಲಸಕ್ಕೆ ತಕ್ಕುದಾಗಿರಬೇಕು ಎಂಬ ಭಾವದಿಂದ ೧೫ ಲಕ್ಷಣಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ವ್ಯಾಪಾರಕ್ಕೆ ಈ ವ್ಯಾಖ್ಯೆ ಸಾಕಾದೀತು. ಚರಿತ್ರಕಾರನಿಗೆ ಸಾಲದು. ೧೮೭೧ರ ಅಂಕಿಯನ್ನು ಅಂದು ಬಳಸಿದವರು ಕಮೀಷನರನ ಕಚೇರಿಯವರು. ಅವರ ಕೆಲಸಕ್ಕೆ ಅದು ಒಪ್ಪುತ್ತಿದ್ದಿರಬಹುದು. ಅದೇ ಅಂಕಿಯಿಂದ ಸತ್ತವರ ಸಂಖ್ಯೆಯನ್ನು ತಿಳಿಯಬಯಸುವ ನಾವು ಆ ದಿನ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಮೈಸೂರಿನ ಜನಸಂಖ್ಯೆ ೧೮೭೧ರಲ್ಲಿ ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ನಡುವೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ. ಒಂದರಲ್ಲಿ ಇನ್ನೊಂದನ್ನು ಕಳೆದರೆ ೮,೬೯,೨೨೪. ಇದನ್ನೇ ಕ್ಷಾಮಮೃತರ ಸಂಖ್ಯೆಯೆಂದು ಹೇಳಿಬಿಡುವ ಆಕರ್ಷಣೆ ದೊಡ್ಡದು. ಆದರೆ ೧೮೭೧ರಿಂದ ೧೮೭೬ರವರೆಗೆ ಜನಸಂಖ್ಯೆ ಬೆಳೆದಿದ್ದಿರಬೇಕು. ಆ ಬೆಳವಣಿಗೆ ಈ ವ್ಯವಕಲನದಲ್ಲಿ ಇಲ್ಲ. ಊರು ಬಿಟ್ಟು ಹೋಗಿ ಬದುಕಿ ಉಳಿದವರೂ, ಕ್ಷಾಮದಿಂದಾಗಿ ಹುಟ್ಟದೆಯೇ ಹೋದ ಮಕ್ಕಳೂ ಅದರಲ್ಲಿ ಬೆರೆತಿದ್ದಾರೆ. ಇವಕ್ಕೆಲ್ಲ ಮಿಗಿಲಾಗಿ ಎರಡು ಗಣತಿಗಳ ಗುಣ ಒಂದೇ ಅಲ್ಲ. ೧೮೭೧ರದು ಮೊದಲ ಪ್ರಯತ್ನ. ಬಿಟ್ಟುಹೋದವರು ಆಗ ಹೆಚ್ಚಿದ್ದರೆಂದರೆ ಕ್ಷಾಮದ ನಷ್ಟ ಕಾಣುವುದಕ್ಕಿಂತ ಹೆಚ್ಚು. ೨೦೧೧ರ ಗಣತಿಯಲ್ಲಿ ಬಿಟ್ಟುಹೋದಷ್ಟೇ ಮಂದಿ ೧೮೭೧ರಲ್ಲಿಯೂ ಬಿಟ್ಟುಹೋಗಿದ್ದರೆಂದು ಊಹಿಸಿದರೂ ಒಂದು ಲಕ್ಷಕ್ಕೆ ಮೇಲ್ಪಟ್ಟ ಜನ ಲೆಕ್ಕಕ್ಕೆ ಹೊಸದಾಗಿ ಸೇರುತ್ತಾರೆ. ಪ್ರತಿಯಾಗಿ, ಸಂಸಾರಗಳು ಒಡೆದು ಚೆದರಿದ್ದ ೧೮೮೧ರಲ್ಲಿಯೇ ಹೆಚ್ಚು ಮಂದಿ ಬಿಟ್ಟುಹೋಗಿದ್ದರೆಂದು ವಾದಿಸುವುದೂ ಅಸಾಧ್ಯವಲ್ಲ. ಆಗ ನಷ್ಟ ಕಡಿಮೆಯಾ­ಗುತ್ತದೆ. ಮೊದಲನೆಯ ವಾದವೇ ಹೆಚ್ಚು ಸಂಭವನೀಯವೆಂದು ನನಗೆ ತೋರುತ್ತದೆ. ಹೇಗಾದರೂ, ಕೊನೆಯ ೨೨೪ ಜನರವರೆಗೆ ಬರೆಯುವ ನಿಖರತೆಗೆ ಆಧಾರವಿಲ್ಲ. ೧೮೭೧ರ ಎಣಿಕೆಯಲ್ಲಿ ನೂರಕ್ಕೆ ಒಂದರ ತಪ್ಪೆಂದರೆ ೫೦ ಸಾವಿರಕ್ಕೂ ಹೆಚ್ಚು ಮನುಷ್ಯರು.

ಶಾಸನದ ತಿಥಿವಾರಗಳನ್ನು ತಾಳೆ ನೋಡುವಂತೆ ಇಲ್ಲಿಯೂ ಒಂದು ಒಳಗಿನ ಪರೀಕ್ಷೆ ಸಾಧ್ಯ. ಕ್ಷಾಮಕಾಲದಲ್ಲಿ ಹುಟ್ಟಿದವರು ೧೮೮೧ರಲ್ಲಿ ಎರಡರಿಂದ ಐದು ವರ್ಷದೊಳಗಿನ ಮಕ್ಕಳು, ೧೮೯೧ರಲ್ಲಿ ಹನ್ನೆರಡರಿಂದ ಹದಿನೈದರವರು. ಎರಡು ವಯೋಮಾನಪಟ್ಟಿಗಳಲ್ಲಿಯೂ ಅದೇ ಜಾಗದಲ್ಲಿ ಕುಳಿ ಕಾಣಬೇಕು. ಕಂಡರೆ ೧೮೮೧ರ ಲೆಕ್ಕಕ್ಕೆ ಬಲ ಬರುತ್ತದೆ. ಮೊದಲ ಪಟ್ಟಿಯಲ್ಲಿ ಇದ್ದ ಕುಳಿ ಎರಡನೆಯದರಲ್ಲಿ ಮಾಯವಾಗಿದ್ದರೆ, ಆ ಮಕ್ಕಳು ಸತ್ತಿರಲಿಲ್ಲ, ಎಣಿಕೆಗೆ ಬಂದಿರಲಿಲ್ಲ ಎಂದು ಶಂಕಿಸಬೇಕಾಗುತ್ತದೆ. ಹತ್ತು, ಹದಿನೈದರಲ್ಲಿ ಜನ ರಾಶಿಬೀಳುವ ದೋಷವನ್ನು ಮೊದಲು ಕಳೆದುಕೊಂಡು ಈ ತಾಳೆಯನ್ನು ಮಾಡಬೇಕು. ಇಡೀ ಸಂಸ್ಥಾನಕ್ಕೆ ಒಂದೇ ಬಾರಿಗೆ ಮಾಡುವುದಕ್ಕಿಂತ, ಕ್ಷಾಮ ತೀವ್ರವಾಗಿದ್ದ ಪೂರ್ವದ ಬಯಲುಸೀಮೆಯನ್ನೂ ಅಷ್ಟು ತಟ್ಟದಿದ್ದ ಮಲೆನಾಡನ್ನೂ ಬೇರೆ ಬೇರೆ ಇಟ್ಟು ಹೋಲಿಸುವುದು ಲೇಸು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.